ಬಸವಿಹೊಂಡ ಎಂಬ ಊರಿತ್ತು

ಬಸವಿಹೊಂಡ ಎಂಬ ಹೆಸರು ಸರಕಾರದ ದಾಖಲೆ ಸೇರದಂತೆ ಮಾಡಿದವಳು ನಾನು. ಅದು ಕೈತಪ್ಪಿ ಆದದ್ದಲ್ಲ, ತಿಳಿಯದೆ ಆದದ್ದೂ ಅಲ್ಲ. ತಿಳಿದೇ ಮಾಡಿದೆ. ಮಾಡಿದ್ದನ್ನು ವ್ಯಾಕರಣದ ಮಾತುಗಳಲ್ಲಿ ಮುಚ್ಚಿಟ್ಟೆ. ಆ ಮಾತುಗಳನ್ನು ನಂಬಿದ ಜನ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಅದನ್ನೂ ಹೊದ್ದುಕೊಂಡೆ.

ಬ್ಯಾಡಗಿಯಿಂದ ಕದರಮಂಡಲಗಿಯ ಕಡೆಗೆ ಹೋಗುವಾಗ ಒಳಗೊಂದು ಮಣ್ಣಿನ ದಾರಿ ಒಡೆಯುತ್ತದೆ. ಅದರ ತುದಿಯಲ್ಲಿ ಒಂದು ಹೊಂಡ, ಹೊಂಡದ ಸುತ್ತ ಒಂದಷ್ಟು ಮನೆಗಳು. ಈಗ ಅಲ್ಲಿನ ಫಲಕದ ಮೇಲೆ ‘ಬಸವನಹೊಂಡ’ ಎಂದಿದೆ. ಹೊರಗಿನವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಒಂದು ‘ವಿ’ ಹೋಗಿ ‘ವನ’ ಬಂದಿದೆ, ಅಷ್ಟೇ. ಆ ‘ವಿ’ಯ ಜೊತೆಗೆ ಹೋದವಳು ನೀಲವ್ವ, ನನ್ನ ಅವ್ವನ ಅಜ್ಜಿ.

ನೀಲವ್ವ ಬಸವಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳೊಬ್ಬಳನ್ನು ದೇವರ ಹೆಸರಿಗೆ ಬಿಟ್ಟು, ಮದುವೆ ಮಾಡದೆ, ಮಗನ ಹಾಗೆ ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದ ಕಾಲ ಅದು. ತಂದೆಯ ಹೊಲ ಅವಳಿಗೆ ಬಂತು. ಮಗಳು ಹುಟ್ಟಿದಳು. ಆ ಮಗಳ ತಂದೆ ಯಾರೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ — ಎಲ್ಲರಿಗೂ ಗೊತ್ತಿತ್ತೋ ಏನೋ. ಪಕ್ಕದ ಊರಿನ ಬಾವಿಗೆ ಅವಳು ಕೊಡ ತೆಗೆದುಕೊಂಡು ಹೋದಾಗ, ಇವಳಿಗೆ ಇಲ್ಲಿ ನೀರಿಲ್ಲ ಎಂದರಂತೆ. ನೀಲವ್ವ ಜಗಳಕ್ಕೆ ನಿಲ್ಲಲಿಲ್ಲ. ತನ್ನ ಹೊಲದ ತಗ್ಗಿನಲ್ಲಿ ತಾನೇ ಗುದ್ದಲಿ ಹಿಡಿದು ನಿಂತು, ಆಳು ಹಚ್ಚಿ, ಹೊಂಡ ತೋಡಿಸಿದಳು. ಆ ಹೊಂಡದ ನೀರು ಯಾರಿಗೂ ಇಲ್ಲ ಎನ್ನಲಿಲ್ಲ. ನೀರಿಗೆ ಬಂದವರು ಕೆಲವರು ಅಲ್ಲೇ ಗುಡಿಸಲು ಹಾಕಿದರು. ಗುಡಿಸಲು ಮನೆಗಳಾದವು, ಊರಾಯಿತು. ಊರಿಗೆ ಜನ ಅವಳ ಹೆಸರನ್ನಿಟ್ಟರು — ಅವಳ ಹೆಸರನ್ನಲ್ಲ, ಅವಳನ್ನು ಕರೆಯುತ್ತಿದ್ದ ಮಾತನ್ನು. ಅದರಲ್ಲಿ ಮರ್ಯಾದೆಯೂ ಇತ್ತು, ಚುಚ್ಚೂ ಇತ್ತು. ನನಗೆ ಕಂಡದ್ದು ಚುಚ್ಚು ಮಾತ್ರ.

ಅವ್ವ ಹಾವೇರಿಯಲ್ಲಿ ಓದಿ ಶಾಲೆಯ ಶಿಕ್ಷಕಿಯಾದಳು, ಅಲ್ಲೇ ಮದುವೆಯಾದಳು. ತವರು ಕೇಳಿದವರಿಗೆ ಕದರಮಂಡಲಗಿ ಎನ್ನುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಮಾತ್ರ ನನ್ನನ್ನು ಆ ಊರಿಗೆ ಕಳಿಸುತ್ತಿದ್ದಳು, ಬಸ್ಸು ಹತ್ತಿಸುವಾಗ ಪ್ರತಿ ಸಲ ಹೇಳುತ್ತಿದ್ದಳು, “ಎಲ್ಲಿಗೆ ಹೋಗಿದ್ದಿ ಅಂತ ಸಾಲ್ಯಾಗ ಯಾರಿಗೂ ಹೇಳಬ್ಯಾಡ.” ಅಲ್ಲಿ ನನ್ನ ದೊಡ್ಡವ್ವನ ಮಗಳು ಗೌರಕ್ಕ ಇದ್ದಳು. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ನನ್ನನ್ನು ಬಗಲಲ್ಲಿ ಹೊತ್ತು ತಿರುಗಿದವಳು, ಸೊಂಟಕ್ಕೆ ಹಗ್ಗ ಕಟ್ಟಿ ಅದೇ ಹೊಂಡದಲ್ಲಿ ಈಜು ಕಲಿಸಿದವಳು. ಹೊಂಡದ ದಂಡೆಯ ಮೇಲೆ ನೀಲವ್ವನ ಹೆಸರಿನಲ್ಲಿ ಒಂದು ನಿಂತ ಕಲ್ಲು ಇತ್ತು. ಗೌರಕ್ಕ ಸಂಜೆ ಅದರ ಮುಂದೆ ದೀಪ ಹಚ್ಚುವಾಗ ನನ್ನ ಕೈಯಿಂದಲೂ ಎಣ್ಣೆ ಹಾಕಿಸುತ್ತಿದ್ದಳು. ಆಮೇಲೆ ನಾನು ಹೋಗುವುದನ್ನು ಬಿಟ್ಟೆ. ರಾಣೆಬೆನ್ನೂರಿನ ವಕೀಲರೊಬ್ಬರ ಮನೆಗೆ ಸೊಸೆಯಾಗಿ ಬಂದೆ, ಕಾಲೇಜಿನಲ್ಲಿ ಕನ್ನಡ ಕಲಿಸಿದೆ. ಸುತ್ತಲಿನ ಊರುಗಳ ಹೆಸರುಗಳ ಬಗ್ಗೆ ಒಂದು ಪುಸ್ತಕವನ್ನೂ ಬರೆದೆ. ಹಲಗೇರಿಯ ಬಗ್ಗೆ ಬರೆದೆ, ಬ್ಯಾಡಗಿಯ ಬಗ್ಗೆ ಬರೆದೆ. ಬಸವಿಹೊಂಡದ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ಆ ಪುಸ್ತಕವೇ ಮುಂದಿನದಕ್ಕೆ ದಾರಿ ಮಾಡಿತು. ದಾಖಲೆಯಲ್ಲಿ ಇಲ್ಲದ ಸಣ್ಣ ಸಣ್ಣ ಊರುಗಳನ್ನೆಲ್ಲ ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ಶುರುವಾದಾಗ, ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸರಿಯಾಗಿ ಹೇಗೆ ಬರೆಯಬೇಕೆಂದು ಹೇಳಲು ಕಚೇರಿಯಿಂದ ನನಗೆ ಕರೆ ಬಂತು. ಎದುರಿಗೆ ಕೂತಿದ್ದ ಅಧಿಕಾರಿ ನಯವಾದ ಮನುಷ್ಯ. ಒಂದೊಂದೇ ಹೆಸರು ಓದುತ್ತಿದ್ದ, ನಾನು ತಿದ್ದುತ್ತಿದ್ದೆ — ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು. ಮಧ್ಯದಲ್ಲಿ ಅವನು ತಡೆದು ನಿಂತ.

“ಮೇಡಂ, ಇದನ್ನ ಹ್ಯಾಂಗ ಬರೀಬೇಕ್ರಿ? ಮಂದಿ ಬಸಿಹೊಂಡ ಅಂತಾರ. ವಯಸ್ಸಾದವರನ್ನ ಕೇಳಿದ್ರ ಬಸವಿಹೊಂಡ ಅಂತಾರ. ಬಸವಿ ಅಂದ್ರ... ಸರಕಾರಿ ಕಾಗದದಾಗ ಬರ್ಯಾಕ ಒಂಥರಾ ಆಗತೈತ್ರಿ.”

ಆ ವಾರ ನನ್ನ ಮಗಳ ಮದುವೆಯ ಮಾತುಕತೆ ನಡೆದಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಮನೆ, ಹುಡುಗ ಒಳ್ಳೆಯವನು. ಹುಡುಗನ ತಂದೆ ಚಹಾ ಕುಡಿಯುತ್ತ, “ನಿಮ್ಮ ತಾಯಿಯವರ ಮೂಲ ಯಾವೂರ್ರಿ?” ಎಂದು ಕೇಳಿದ್ದರು. ನಾನು ಕದರಮಂಡಲಗಿ ಎಂದಿದ್ದೆ. “ಆ ಕಡಿ ಎಲ್ಲ ನಮಗ ಗೊತ್ತೈತಿ, ವಿಚಾರಿಸಿದ್ರಾತು ಬಿಡ್ರಿ” ಎಂದು ಅವರು ನಕ್ಕಿದ್ದರು. ಆ ನಗು ನನ್ನ ತಲೆಯೊಳಗೆ ಕೂತಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ. ಏನಾಗಿತ್ತೋ ಅದನ್ನು ಹೇಳುತ್ತಿದ್ದೇನೆ.

“ಬಸವನಹೊಂಡ ಅಂತ ಬರೀರಿ,” ಎಂದೆ. “ಬಸವಿ ಅನ್ನೂದು ಮಂದಿ ಬಾಯಾಗ ಕೆಟ್ಟುಹೋದ ರೂಪ.”

ಅಧಿಕಾರಿಗೆ ನಿರಾಳವಾಯಿತು. ಎರಡು ಸಾಲು ವಿವರಣೆ ಬೇಕೆಂದ. ಆಡುಮಾತಿನಲ್ಲಿ ‘ನ’ ಹೇಗೆ ಬಿದ್ದುಹೋಗುತ್ತದೆ, ‘ವ’ ಹೇಗೆ ‘ವಿ’ ಆಗುತ್ತದೆ ಎಂದು ಬರೆದುಕೊಟ್ಟೆ. ನನ್ನ ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ, ಅಂಥ ವಿವರಣೆ. ಆದರೆ ನನ್ನನ್ನು ಪರೀಕ್ಷಿಸುವವರು ಅಲ್ಲಿ ಯಾರಿದ್ದರು?

ಇಲ್ಲಿಗೆ ನಿಂತಿದ್ದರೆ — ಹೆದರಿದವಳು ಒಂದು ಸುಳ್ಳು ಹೇಳಿದಳು ಎಂದಾದರೂ ಅನ್ನಬಹುದಿತ್ತು. ಇಲ್ಲಿಗೆ ನಿಲ್ಲಲಿಲ್ಲ.

ಹೊಸ ಹೆಸರುಗಳ ಪ್ರಕಟಣೆಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಿ, ತಕರಾರು ಇದ್ದವರು ಇಂತಿಷ್ಟು ದಿನದೊಳಗೆ ಹೇಳಿ ಎಂದು ಗಡುವು ಕೊಟ್ಟಿದ್ದರು. ಗೌರಕ್ಕ ಅದನ್ನು ಯಾರಿಂದಲೋ ಓದಿಸಿಕೊಂಡು, ಬಸ್ಸು ಹತ್ತಿ, ಕೇಳುತ್ತ ಕೇಳುತ್ತ ನನ್ನ ಕಾಲೇಜಿಗೆ ಬಂದಳು. ಎಷ್ಟೋ ವರ್ಷಗಳ ಮೇಲೆ ನೋಡಿದೆ ಅವಳನ್ನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸೆರಗಿನಲ್ಲೂ ಆ ಘಾಟು ಇತ್ತು, ಮಾತಾಡುವಾಗ ನನಗೆ ಕೆಮ್ಮು ಬಂತು. ಸಹೋದ್ಯೋಗಿಗಳು ನೋಡುತ್ತಾರೆಂದು ಅವಳನ್ನು ಕೋಣೆಯೊಳಗೆ ಕರೆಯದೆ, ಸೈಕಲ್ ನಿಲ್ಲಿಸುವ ಜಾಗದ ಹಿಂದೆ ಕರೆದುಕೊಂಡು ಹೋಗಿ ನಿಂತೆ.

“ತಂಗಿ, ನಮ್ಮೂರ ಹೆಸರು ತಪ್ಪು ಬರದಾರ. ನೀಲವ್ವನ್ನ ತಗದು ಬಸವಣ್ಣನ್ನ ಹಾಕ್ಯಾರ. ನೀ ಓದಿದಾಕಿ, ಒಂದು ಅರ್ಜಿ ಬರದು ಕೊಡು. ಹೆಬ್ಬೆಟ್ಟು ನಾ ಒತ್ತತೇನಿ.”

“ಹೆಸರು ಹ್ಯಾಂಗಿದ್ರೇನು ಅಕ್ಕಾ?” ಎಂದೆ. ನನ್ನ ದನಿ ಎಷ್ಟು ಸಹಜವಾಗಿತ್ತು ಅಂದರೆ —

“ಹಂಗಂದ್ರ ಹ್ಯಾಂಗ? ಆಕಿಗೆ ಗುಡಿ ಇಲ್ಲ, ಗೋರಿ ಇಲ್ಲ. ಇರೂದು ಆ ಕಲ್ಲು, ಆ ಹೆಸರು, ಎರಡs.”

“ಆತು. ನಾ ನೋಡ್ಕೋತೇನಿ. ನೀ ಹೋಗು.”

ಅವಳು ನನ್ನ ಗಲ್ಲ ಸವರಿ, ದೃಷ್ಟಿ ತೆಗೆದು ನೆಟಿಕೆ ಮುರಿದು ಹೋದಳು. ನಾ ನೋಡ್ಕೋತೇನಿ ಎಂದದ್ದು ಬರೀ ಅವಳನ್ನು ಅಲ್ಲಿಂದ ಸಾಗಹಾಕಲು. ಗಡುವು ಮುಗಿಯಿತು. ಯಾವ ತಕರಾರೂ ಬರಲಿಲ್ಲ ಎಂದು ಬರೆದುಕೊಂಡು, ಹೆಸರು ರಾಜ್ಯಪತ್ರದಲ್ಲಿ ಅಚ್ಚಾಯಿತು. ಮಗಳ ಮದುವೆಯೂ ಚೆನ್ನಾಗಿಯೇ ಆಯಿತು. ಗೌರಕ್ಕ ಮತ್ತೆ ಕೇಳಲು ಬರಲಿಲ್ಲ. ತಂಗಿ ತನ್ನ ಕೈಲಾದದ್ದು ಮಾಡಿರುತ್ತಾಳೆ, ಸರಕಾರ ಕೇಳಿರಲಿಕ್ಕಿಲ್ಲ ಎಂದುಕೊಂಡಳಂತೆ. ನನ್ನ ಹೆಸರು ಎತ್ತದೆ ಊರಿನಲ್ಲಿ ಹಾಗೆಯೇ ಹೇಳುತ್ತಿದ್ದಳಂತೆ.

ಹೆಸರು ಬರೀ ಫಲಕದ ಮೇಲೆ ಇರುತ್ತದೆ ಎಂದು ನಾನು ತಿಳಿದಿದ್ದೆ — ಊರ ಹೆಸರುಗಳ ಬಗ್ಗೆ ಪುಸ್ತಕ ಬರೆದವಳು! ಬಸವನಹೊಂಡ ಎಂದಾದ ಮೇಲೆ ಜನ ಬಸವಣ್ಣ ಎಲ್ಲಿ ಎಂದು ಕೇಳತೊಡಗಿದರು. ದಂಡೆಯ ಮೇಲೆ ಹೊಸ ನಂದಿಯ ಮೂರ್ತಿ ಬಂತು, ಗುಡಿ ಬಂತು, ಕಮಿಟಿ ಬಂತು. ಮೆಟ್ಟಿಲು ಕಟ್ಟುವಾಗ ನೀಲವ್ವನ ಕಲ್ಲನ್ನು ಅಡಿಪಾಯಕ್ಕೆ ಹಾಕಿದರು. ಗೌರಕ್ಕ ಅಡ್ಡ ನಿಂತಳಂತೆ, ಇದು ನಮ್ಮ ನೀಲವ್ವ ತೋಡಿಸಿದ ಹೊಂಡ ಅಂದಳಂತೆ. ಕಮಿಟಿಯವರು ಫಲಕ ತೋರಿಸಿದರು: “ಸರಕಾರನs ಬರದೈತಿ, ಬಸವಣ್ಣನ ಹೊಂಡ ಅಂತ. ನಿಮ್ಮವ್ವ ಎಲ್ಲಿಂದ ಬಂದ್ಲು?” ದೀಪ ಹಚ್ಚಲು ಹೋದವಳನ್ನು ಒಮ್ಮೆ ಮೆಟ್ಟಿಲಿನಿಂದಲೇ ಇಳಿಸಿದರು.

ಇದೊಂದೂ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಹೋಗಿರಲಿಲ್ಲ. ನಿವೃತ್ತಿಯಾದ ಮೇಲೆ ಆ ಕಮಿಟಿಯವರೇ ಬಂದು, ಗುಡಿಯ ಮಹಾದ್ವಾರ ಉದ್ಘಾಟನೆಗೆ ನೀವೇ ಬರಬೇಕು ಅಂದಾಗ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನಾನು ಅಲ್ಲಿಯವಳು ಎಂದು ಯಾರಿಗೂ ಗೊತ್ತಿಲ್ಲದ ಊರಿಗೆ ಅತಿಥಿಯಾಗಿ ಹೋಗುವುದರಲ್ಲಿ ಎಂಥದೋ ಒಂದು — ಅದಕ್ಕೆ ಒಳ್ಳೆಯ ಹೆಸರಿಲ್ಲ.

ಶಾಲು ಹೊದಿಸಿದರು, ಹಾರ ಹಾಕಿದರು. ಅಧ್ಯಕ್ಷರು ಮೈಕಿನಲ್ಲಿ ಹೇಳಿದರು: “ನಮ್ಮೂರಿಗೆ ಕೆಟ್ಟ ಹೆಸರಿತ್ತು. ಇವರು ಸಂಶೋಧನೆ ಮಾಡಿ, ಕಚೇರಿಗೆ ಬರದುಕೊಟ್ಟು, ಖರೇ ಹೆಸರು ಹುಡುಕಿಕೊಟ್ರು. ಇವರ ಋಣ ತೀರಸಾಕ ಆಗೂದಿಲ್ಲ.” ಚಪ್ಪಾಳೆ ಬಿತ್ತು. ಹೆಂಗಸರ ನಡುವಿನಿಂದ ಒಬ್ಬಳು ಎದ್ದಳು. ಗೌರಕ್ಕ.

ಅವಳು ಕೂಗಾಡಲಿಲ್ಲ. ವೇದಿಕೆಯ ಹತ್ತಿರ ಬಂದು, ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಕೇಳಿದಳು:

“ಬರಸಿದಾಕಿ ನೀನs ಏನು?”

ನಾನು ಕೊರಳಿನ ಹಾರ ಸರಿಮಾಡಿಕೊಂಡೆ.

“ಆಕಿ ನಿನಗೇನು ಮಾಡಿದ್ಲು?”

ಅಧ್ಯಕ್ಷರು ಬಾಗಿ, ಈಕಿ ನಿಮಗ ಪರಿಚಯದಾಕಿ ಏನ್ರಿ ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು. ನನ್ನನ್ನು ಬಗಲಲ್ಲಿ ಹೊತ್ತವಳನ್ನು ಪರಿಚಯವಿಲ್ಲ ಎಂದೆ, ಅವಳ ಕಣ್ಣೆದುರಿಗೇ. ಇಷ್ಟು ಬರೆದದ್ದರಲ್ಲಿ ಈ ಒಂದು ಸಾಲು ಬರೆಯಲು ನನಗೆ ಅತ್ಯಂತ ಕಷ್ಟವಾಯಿತು.

ಅವಳು ತಿರುಗಿ ಹೋದಳು. ನಾನು ಭಾಷಣ ಮಾಡಿದೆ, ಊಟ ಮಾಡಿದೆ, ಕಾರು ಹತ್ತಿದೆ.

ಮನೆಗೆ ಬಂದ ಮೇಲೆ ಮೊದಲು ಗಂಡನಿಗೆ ಹೇಳಿದೆ. ಅವರು, “ಇಷ್ಟು ವರ್ಷ ನನ್ನನ್ನ ಏನಂತ ತಿಳಿದಿದ್ದಿ?” ಎಂದರು. ಹೆಸರನ್ನು ತಿದ್ದಬೇಕೆಂದು ಅರ್ಜಿ ಹಾಕಿದೆ. ಆಗ ತಿಳಿಯಿತು — ಅದಕ್ಕೆ ಗ್ರಾಮಸಭೆಯ ಠರಾವು ಬೇಕು, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ, ದಿಲ್ಲಿಯವರೆಗೂ ಕಡತ ಹೋಗಿ ಬರಬೇಕು. ಅಳಿಸಲು ಸಾಕಾಗಿದ್ದು ನನ್ನ ಒಂದು ಮಾತು.

ಗ್ರಾಮಸಭೆಗೆ ಹೋದೆ. ಮೈಕಿಗೆ ಕಾಯದೆ ನಿಂತು ಹೇಳಿದೆ: ನಾನು ಈ ಊರಿನವಳು, ಬಸವಿ ನೀಲವ್ವ ನನ್ನ ಮುತ್ತಜ್ಜಿ, ನಾನು ಬರೆದುಕೊಟ್ಟದ್ದು ಸುಳ್ಳು. ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಎದ್ದು, ಸಿಟ್ಟಿಲ್ಲದೆ ಕೇಳಿದಳು:

“ಮೇಡಂ, ನಿಮ್ಮ ಮಗಳ ಮದುವಿ ಆಗೇತಿ. ನಮ್ಮ ಹುಡುಗ್ಯಾರದು ಇನ್ನೂ ಆಗಬೇಕು. ಬಸವಿಹೊಂಡದಾಕಿ ಅಂದ್ರ ಯಾರು ಮಾಡ್ಕೋತಾರ್ರಿ?”

ಅದು ನನ್ನದೇ ಮಾತು. ನನ್ನ ಭಯವನ್ನು ನಾನು ಸರಕಾರದ ಅಕ್ಷರದಲ್ಲಿ ಬರೆಸಿ ಒಂದು ಊರಿಗೇ ಹಂಚಿದ್ದೆ. ಅದನ್ನು ಮರಳಿ ಕೇಳಲು ಬಂದಾಗ ಅವರೇಕೆ ಕೊಟ್ಟಾರು? ಠರಾವು ಬಿದ್ದುಹೋಯಿತು. ಪರವಾಗಿ ಕೈ ಎತ್ತಲು ಗೌರಕ್ಕ ಕೂಡ ಅಲ್ಲಿ ಇರಲಿಲ್ಲ. ಮರುದಿನ ಮಗಳು ಫೋನು ಮಾಡಿ, “ಈಗ ಯಾಕ ಹೇಳಿದಿ ಅವ್ವಾ? ಮನ್ಯಾಗ ಎಲ್ಲಾರೂ ಕೇಳಾಕತ್ತಾರ” ಎಂದು ಅತ್ತಳು.

ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಕೇಳುತ್ತೇನೆ. ಅದೂ ಬೀಳಬಹುದು. ನನ್ನ ಪುಸ್ತಕದಲ್ಲಿ ಬಿಟ್ಟ ಊರಿನ ಬಗ್ಗೆ ಬರೆದು ಮುಗಿಸಿದ್ದೇನೆ, ನೀಲವ್ವನ ಹೆಸರಿನೊಂದಿಗೆ, ನನ್ನ ಹೆಸರಿನೊಂದಿಗೆ. ಇದರಿಂದ ಏನೂ ಸರಿಹೋಗುವುದಿಲ್ಲ ಎಂಬುದು ಗೊತ್ತಿದೆ.

ಗ್ರಾಮಸಭೆ ಮುಗಿದ ದಿನವೇ ಗೌರಕ್ಕನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಅವಳು ಶೇಂಗಾದ ಮೊರವನ್ನು ಬದಿಗಿಟ್ಟು ಎದ್ದು ನಿಂತಳು.

“ಬರ್ರಿ ಮೇಡಂ. ಕುಂದ್ರಿ.”

“ಅಕ್ಕಾ, ತಪ್ಪಾತು —”

“ನೀರು ತಗೋರಿ,” ಎಂದು ಚೊಂಬು ತಂದಿಟ್ಟಳು. “ಬಿಸಲು ಭಾಳ ಐತ್ರಿ. ಕತ್ತಲಾಗೂದರಾಗ ಊರು ಮುಟ್ರಿ.”

ನಾನು ಇನ್ನೇನೋ ಹೇಳಲು ಹೋದೆ. ಅವಳು ತಡೆಯದೆ ಕೇಳಿಸಿಕೊಂಡಳು, ಚೊಂಬನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದಳು. ಎದ್ದಾಗ ಬಾಗಿಲವರೆಗೂ ಬಂದಳು. ನನಗಿಂತ ಹಿರಿಯಳು, ನನ್ನ ದೊಡ್ಡವ್ವನ ಮಗಳು — ಕಚೇರಿಯವರಿಗೆ ಮುಗಿಯುವ ಹಾಗೆ ನನಗೆ ಕೈಮುಗಿದಳು.