ದೊಡ್ಡ ಟೈರು, ನಾಲ್ಕು ಮಾತು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮುಂದಿನ ಅರ್ಧ ಮಗ್ಗಗಳಿಗೆ, ಹಿಂದಿನ ಅರ್ಧ ನಮಗೆ. ಮದುವೆಯಾಗಿ ಬಂದಾಗಿನಿಂದ ಮೊನ್ನೆ ಮೊನ್ನೆಯವರೆಗೂ ಪವರ್‌ಲೂಮಿನ ಸದ್ದಿನಲ್ಲೇ ಅಡುಗೆ ಮಾಡಿದೆ, ಮಗಳನ್ನು ಮಲಗಿಸಿದೆ, ಹಬ್ಬ ಮಾಡಿದೆ. ಗಂಡ ಹೆಂಡತಿಯ ಮಾತೆಲ್ಲ ಕೈಸನ್ನೆ, ಇಲ್ಲವೇ ಕಿರುಚಾಟ. ಎರಡು ಬೆರಳು ಕತ್ತರಿಯಾದರೆ ಎಳೆ ಕಡಿದಿದೆ, ಹೆಬ್ಬೆರಳು ಬಾಯಿಗೆ ಹೋದರೆ ಕಾಫಿ ಬೇಕು. ಅದಕ್ಕಿಂತ ದೊಡ್ಡ ವಿಷಯವಿದ್ದರೆ ಕರೆಂಟು ಹೋಗುವವರೆಗೆ ಕಾಯಬೇಕಿತ್ತು. ಕರೆಂಟು ಹೋದ ಕೂಡಲೇ ನಮ್ಮನೆಯವರು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದರು.

ಮಗಳು ಗಂಡನ ಮನೆ ಸೇರಿದಳು. ನೇಯುವವರು ಸಿಗುವುದು ಕಷ್ಟವಾಯಿತು. ಕೊನೆಗೆ ಮಗ್ಗಗಳನ್ನು ಬಿಚ್ಚಿ ಗುಜರಿಯವನಿಗೆ ಕೊಟ್ಟೆವು. ಮನೆ ಸುಮ್ಮನಾಯಿತು ಅಂದುಕೊಂಡರೆ ಇವರು ಮೊಬೈಲ್ ಹಿಡಿದುಕೊಂಡು ಕೂತರು. ಹಿಮಾಲಯದಲ್ಲಿ ಗಾಡಿ ಓಡಿಸುವವರ ವಿಡಿಯೋಗಳು, ಅದೂ ಇಡೀ ಬೀದಿಗೆ ಕೇಳುವಷ್ಟು ಜೋರಾಗಿ. ಮಗ್ಗದ ಅಭ್ಯಾಸ ಎಲ್ಲಿ ಹೋಗುತ್ತದೆ ಎಂದು ನಾನು ಬೈದು ಸುಮ್ಮನಾಗುತ್ತಿದ್ದೆ.

ಹಾಗೆ ನೋಡುತ್ತ ನೋಡುತ್ತ ಒಂದು ದಿನ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ತಂದು ಬಾಗಿಲಲ್ಲಿ ನಿಲ್ಲಿಸಿದರು. ಪವರ್ ಸ್ಟೇರಿಂಗ್ ಕೂಡ ಇಲ್ಲದ ಗಾಡಿ. ನೆಲಮಂಗಲದಲ್ಲಿ ಹಿಂಭಾಗಕ್ಕೆ ತಗಡಿನ ಗೂಡು ಕಟ್ಟಿಸಿದರು. ಒಳಗೆ ಇಬ್ಬರು ಮಲಗುವ ಹಲಗೆ, ಒಲೆಗೊಂದು ಮೂಲೆ, ನೀರಿಗೊಂದು ಡ್ರಮ್ಮು. ಬೀದಿಯವರೆಲ್ಲ ಬಂದು ಇಣುಕಿ ನೋಡಿ, ಈ ವಯಸ್ಸಿನಲ್ಲಿ ಇದೇನು ಗ್ರಹಚಾರ ಎಂಬಂತೆ ನನ್ನ ಮುಖ ನೋಡಿ ಹೋದರು.

ಇದರಲ್ಲೇ ಹಿಮಾಲಯಕ್ಕೆ ಹೋಗೋಣ ಅಂದರು. ನನಗೆ ಬೆಟ್ಟವೂ ಬೇಡ, ಹಿಮವೂ ಬೇಡ. ಮಂಡಿ ನೋವು ಸಾಕಾಗಿ ಹೋಗಿದೆ. ಆದರೂ ಬರುತ್ತೇನೆ ಅಂದೆ. ಅಕ್ಕಪಕ್ಕ ಕೂತು ದಿನಗಟ್ಟಲೆ ಹೋಗುವಾಗ, ಕಿರುಚದೆ, ಸಣ್ಣ ದನಿಯಲ್ಲಿ ಈ ಮನುಷ್ಯನಿಗೆ ನಾಲ್ಕು ಮಾತು ಹೇಳಬಹುದಲ್ಲ ಎಂಬುದೊಂದೇ ಆಸೆ. ಇಷ್ಟು ವರ್ಷದ ಸಂಸಾರದಲ್ಲಿ ಅದೊಂದು ಬಾಕಿ ಉಳಿದುಹೋಗಿತ್ತು.

ಅಷ್ಟರಲ್ಲಿ ದೊಡ್ಡ ಟೈರಿನ ಹುಚ್ಚು ಹಿಡಿಯಿತು. ಗಾಡಿ ಎತ್ತರವಾಗಬೇಕಂತೆ, ರಸ್ತೆಗೆ ಅಡ್ಡ ಹರಿಯುವ ಹೊಳೆ ದಾಟಬೇಕಂತೆ, ಕಲ್ಲು ತಗುಲಬಾರದಂತೆ. ಊಟಕ್ಕೆ ಕೂತರೂ ಟೈರು, ಎದ್ದರೂ ಟೈರು. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಕೊನೆಗೆ ಊರಾಚೆಯ ಟೈರ್ ಅಂಗಡಿಗೆ ಹೋದೆವು. ಅಂಗಡಿಯವರು ನಮ್ಮ ಸೀರೆ ವ್ಯಾಪಾರದ ಕಾಲದಿಂದ ಪರಿಚಯದ ಸಾಹೇಬರು. ಆಗ ಬೆಂಗಳೂರಿಗೆ ಸೀರೆ ಕೊಂಡೊಯ್ಯುವ ವ್ಯಾನನ್ನು ನಾನೇ ಓಡಿಸುತ್ತಿದ್ದೆ, ಪಂಕ್ಚರ್ ಹಾಕುತ್ತಿದ್ದವರು ಇವರೇ. ಗಾಡಿಯ ಸುತ್ತ ಒಂದು ಸಲ ಬಂದು, "ಹಾಕೋಣ ಅಣ್ಣ, ಬೇಡ ಅನ್ನಲ್ಲ. ಆದ್ರೆ ಸ್ಟೇರಿಂಗ್ ಭಾರ ಆಗುತ್ತೆ, ಡೀಸೆಲ್ ಕುಡಿಯುತ್ತೆ, ಸೌಂಡು ಬೇರೆ. ನನ್ನ ಜೀಪಿಗೆ ಅದೇ ಹಾಕಿದ್ದೀನಿ, ಒಂದು ರೌಂಡ್ ಓಡ್ಸಿ ನೋಡಿ," ಅಂದರು.

ಜೀಪು ಹತ್ತಲು ನನಗೆ ಸಾಹೇಬರು ಸ್ಟೂಲು ಹಾಕಬೇಕಾಯಿತು. ಇವರು ಸ್ಟೇರಿಂಗ್ ಹಿಡಿದರು, ಸಾಹೇಬರು ಹಿಂದೆ ಕೂತರು. ದಾಬಸ್‌ಪೇಟೆ ರಸ್ತೆಗೆ ಬಂದು ವೇಗ ಏರುತ್ತಲೇ ಕೆಳಗಿನಿಂದ ಒಂದು ಸದ್ದು ಎದ್ದಿತು. ಒಂದೇ ಸಮ, ಹಲ್ಲಿನೊಳಗೆ ಇಳಿಯುವ ಸದ್ದು. ಮತ್ತೆ ಮಗ್ಗದ ಮನೆಗೇ ಬಂದಂತಾಯಿತು.

"ಈ ಸದ್ದಲ್ಲಿ ಎಲ್ಲಿಗೂ ಬರಲ್ಲ ನಾನು!" ಎಂದು ಕಿರುಚಿದೆ.

ಇವರು ನನ್ನತ್ತ ತಿರುಗಿ ನಕ್ಕರು. "ಯಾವ ಸದ್ದೇ? ಬೆಣ್ಣೆ ಹಂಗೆ ಹೋಗ್ತಾ ಐತೆ."

ಹಿಂದಿನ ಸೀಟಿನಿಂದ ಸಾಹೇಬರು, "ಇದು ಬೆಣ್ಣೆನಾ ಅಣ್ಣ? ನನ್ನ ಹೆಂಡ್ತಿ ಈ ಜೀಪ್ ಹತ್ತೋದೇ ಬಿಟ್ಟವ್ಳೆ," ಅಂದರು. ಇವರು ಉತ್ತರ ಕೊಡಲಿಲ್ಲ. ಸಾಹೇಬರು ಇನ್ನೂ ಜೋರಾಗಿ ಅಂದರು. ಆಗಲೂ ಇವರು ಖುಷಿಯಾಗಿ ರಸ್ತೆ ನೋಡುತ್ತಲೇ ಇದ್ದರು. ನಾನು ಹಿಂತಿರುಗಿ ನೋಡಿದೆ. ಸಾಹೇಬರು ಕಣ್ಣು ತಗ್ಗಿಸಿದರು.

ಯೋಚನೆ ಮಾಡಿ ಹೇಳುತ್ತೇವೆ ಎಂದು ನಮ್ಮ ಗಾಡಿಯಲ್ಲಿ ಮನೆಗೆ ಹೊರಟೆವು. ಹಳೆಯ ಟೈರು, ಸವೆದದ್ದು, ಸದ್ದಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಎಲ್ಲಾದ್ರೂ ನಿಲ್ಸಿ, ಕಾಫಿ ಕುಡಿಯೋಣ," ಅಂದೆ. ಕಾಫಿ ಅಂದರೆ ಸಾವಿನ ಮನೆಯಿಂದಲೂ ಎದ್ದು ಬರುವ ಮನುಷ್ಯ. ಗಾಡಿ ನಿಲ್ಲಲಿಲ್ಲ. ಮತ್ತೊಮ್ಮೆ ಅಂದೆ. ರಸ್ತೆ ಪಕ್ಕದ ಕಾಫಿ ಹೋಟೆಲು ಬಂತು, ಹೋಯಿತು.

ತೋಳು ಹಿಡಿದು ಅಲ್ಲಾಡಿಸಿದೆ. ನನ್ನ ಮುಖ ನೋಡಿದವರೇ ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿದರು.

"ಕಿವಿ ಯಾವಾಗ ಹೋಯ್ತು?"

ಸ್ಟೇರಿಂಗ್ ಉಜ್ಜಿದರು. "ಯಾವಾಗ್ಲೋ ಹೋಯ್ತು ಕಣೆ. ಮಗ್ಗ ಇದ್ದಾಗ ಯಾರಿಗೂ ಏನೂ ಕೇಳ್ತಿರ್ಲಿಲ್ಲ, ನಂಗೂ ಗೊತ್ತಾಗ್ಲಿಲ್ಲ. ನಿನ್ನ ಬಾಯಿ ನೋಡ್ಕೊಂಡೇ ಎಲ್ಲಾ ನಡೀತಿತ್ತು."

"ನನಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಮಾತಾಡೋದೇ ನಿಲ್ಲಿಸ್ಬಿಡ್ತೀಯ ಅನ್ನಿಸ್ತು."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮಗ್ಗ ಹೋದ ಮೇಲೆ ಅಡುಗೆ ಮನೆಯಿಂದ, ಬಚ್ಚಲಿನಿಂದ, ಪಕ್ಕದಲ್ಲಿ ಮಲಗಿ ಕತ್ತಲೆಯಲ್ಲಿ ನಾನು ಹೇಳಿದ್ದೆಲ್ಲ ಎಲ್ಲಿಗೆ ಹೋಯಿತು? ಹೂಂ ಅನ್ನದೆ ಮಲಗುತ್ತಾರೆ ಎಂದು ಎಷ್ಟು ಸಲ ಅತ್ತಿದ್ದೆ. ಮನೆ ತಲುಪುವವರೆಗೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಏನು ಪ್ರಯೋಜನ, ಅವರ ಕಣ್ಣು ರಸ್ತೆಯ ಮೇಲಿತ್ತು.

ಕಿವಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಮಿಷಿನ್ ಕೊಟ್ಟರು. ಮನೆಯಲ್ಲಿ ಅಲ್ಪಸ್ವಲ್ಪ ಕೆಲಸ ಮಾಡಿತು. ಗಾಡಿಯಲ್ಲಿ ಮಾತ್ರ ಎಂಜಿನ್ನಿನ ಗಲಾಟೆಯನ್ನೇ ದೊಡ್ಡದು ಮಾಡಿ ಕಿವಿಗೆ ತುಂಬುತ್ತದೆ ಎಂದು ಕಿತ್ತು ಜೇಬಿಗೆ ಹಾಕಿಕೊಂಡರು. ಅಂದರೆ ಟೈರು ಸಣ್ಣದಾದರೂ ಒಂದೇ, ದೊಡ್ಡದಾದರೂ ಒಂದೇ. ಇವರು ಓಡಿಸುವವರೆಗೆ ನನ್ನ ಮಾತು ಇವರಿಗೆ ಮುಟ್ಟುವುದಿಲ್ಲ. ನಾನಿನ್ನು ಹೋಗುವುದೇ ಬೇಡ, ಒಬ್ಬರೇ ಹೋಗಿ ಬರಲಿ ಎಂದು ಎರಡು ರಾತ್ರಿ ಗೋಡೆ ಕಡೆ ತಿರುಗಿ ಮಲಗಿದೆ.

ಆಮೇಲೆ ಒಂದು ಬೆಳಿಗ್ಗೆ, ಕಾಫಿ ಲೋಟ ಮುಂದಿಟ್ಟು, ಎದುರಿಗೆ ಕೂತು ಹೇಳಿದೆ. "ನಾನು ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತು ನನ್ನ ಮುಖ ನೋಡಿ."

ಅವರು ಲೋಟ ಪಕ್ಕಕ್ಕೆ ಸರಿಸಿದರು. "ದೊಡ್ಡ ಟೈರು ಹಾಕಿದ್ರೆ ಆ ಸ್ಟೇರಿಂಗ್ ನಿನ್ನ ಕೈಲಿ ತಿರುಗಲ್ಲ ಕಣೆ."

"ತಿರುಗಲ್ಲ."

"ಹಾಕಿಸ್ದೆ ಇದ್ರೆ ಹಿಮಾಲಯದಲ್ಲಿ ಮೇಲಿನ ಬೆಟ್ಟಕ್ಕೆ ಹೋಗಕ್ಕಾಗಲ್ಲ."

"ಆಗಲ್ಲ."

ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಗಾಡಿಯ ಸುತ್ತ ತಿರುಗಿದರು, ಚಕ್ರಕ್ಕೊಂದು ಒದೆ ಕೊಟ್ಟರು, ಮತ್ತೆ ಅದನ್ನೇ ಸವರಿದರು. ನನಗೆ ಅಯ್ಯೋ ಅನಿಸಿತು. ಜೀವಮಾನವೆಲ್ಲ ಒಂದೇ ಕೋಣೆಯಲ್ಲಿ ನಿಂತ ಮನುಷ್ಯ ಕೇಳಿದ್ದು ಅದೊಂದನ್ನೇ. ಆದರೂ ಹಾಕಿಸಿಕೊಳ್ಳಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಜೆ ಸಾಹೇಬರ ಅಂಗಡಿಯಲ್ಲಿ ಇವರೇ ಮೊದಲು ಮಾತಾಡಿದರು. "ಇದೇ ಸೈಜಲ್ಲಿ ಹೊಸದು ಹಾಕಿ. ಓಡ್ಸೋದು ಇವಳು."

ಮೊದಲ ದಿನ ಶಿವಗಂಗೆಯವರೆಗೆ ಹೋಗಿ ಬರೋಣ ಎಂದು ಹೊರಟೆವು. ಭುಜ ಹಿಡಿದುಕೊಂಡಿತು, ಕ್ಲಚ್ಚು ತುಳಿದು ಮಂಡಿ ಉರಿಯಿತು. ಇವರು ಬಾಗಿಲಿಗೆ ಬೆನ್ನು ಕೊಟ್ಟು, ಪೂರ್ತಿ ನನ್ನ ಕಡೆ ತಿರುಗಿ ಕೂತಿದ್ದರು. ಮದುವೆ ಮಂಟಪದಲ್ಲೂ ಹಾಗೆ ನೋಡಿದವರಲ್ಲ.

"ಮಾತಾಡು," ಅಂದರು.

ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ನನಗೇ ಕೇಳಿಸದಷ್ಟು ಮೆಲ್ಲಗೆ, "ನನಗೆ ತುಂಬಾ ಸುಸ್ತಾಗಿದೆ ರೀ," ಅಂದೆ. ಈಗಿನದಲ್ಲ, ಮಗ್ಗದ ಕಾಲದ್ದು.

"ಇನ್ನೊಂದ್ಸಲ ಹೇಳು."

ತಿಳಿಯಲಿಲ್ಲವೇನೋ ಎಂದು ಬಿಡಿಸಿ ಬಿಡಿಸಿ ಮತ್ತೆ ಹೇಳಿದೆ.

"ಮೊದಲ್ನೇ ಸಲಾನೇ ಗೊತ್ತಾಯ್ತು," ಅಂದರು. "ಇಷ್ಟು ವರ್ಷ ನಿಂಗೆ ಹೇಳೋಕೇ ಬಿಟ್ಟಿರ್ಲಿಲ್ವಲ್ಲ, ಅದಕ್ಕೇ ಇನ್ನೊಂದ್ಸಲ ಹೇಳ್ಸಿದೆ."

ನನಗೆ ರಸ್ತೆ ಕಾಣದಾಯಿತು. ಇಂಡಿಕೇಟರ್ ಹಾಕಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ.