ಕುಬಸದ ದಿನ ಬಳೆ ತೊಡಿಸದವರು

ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ವರ್ಷಗಟ್ಟಲೆ ಹೆಂಗಸರ ಅಂಗೈ ಒತ್ತಿ ಬಳೆ ಏರಿಸಿ ಹಾಗಾದದ್ದು. ಗಜೇಂದ್ರಗಡದಿಂದ ಬಸ್ಸಿನಲ್ಲಿ ಬಳೆಯ ಮಲಾರ ಹೊತ್ತು ಬರುತ್ತಿದ್ದ ಅವರನ್ನು ಬೆಳವಣಕಿಯಲ್ಲಿ ನಾವೆಲ್ಲ ಚಿಗವ್ವ ಅನ್ನುತ್ತಿದ್ದೆವು. ಬಿಗಿ ಬಳೆ ಏರಿಸುವಾಗ "ಉಸುರು ಬಿಡವಾ, ಕೈ ನಂದು ಅನ್ಕೋ" ಎನ್ನುತ್ತಿದ್ದರು. ನೋವು ತಿಳಿಯುವ ಮೊದಲೇ ಬಳೆ ಮಣಿಕಟ್ಟಿನಲ್ಲಿರುತ್ತಿತ್ತು.

ನನ್ನ ಬಸುರಿನ ಏಳನೇ ತಿಂಗಳ ಕುಬಸಕ್ಕೆ ಹಸಿರು ಬಳೆ ತೊಡಿಸಲು ಅವರನ್ನೇ ಕರೆಸಿದ್ದರು. ಓಣಿಯ ಮುತ್ತೈದೆಯರೆಲ್ಲ ಕೂತಿದ್ದರು. ನನಗೆ ವಾರದಿಂದ ಊಟ ಸೇರುತ್ತಿರಲಿಲ್ಲ. ಬಸುರಿ ಸಂಕಟವೆಂದು ಎಲ್ಲರೂ ಸುಮ್ಮನಿದ್ದರು. ನನ್ನ ಕೈ ಹಿಡಿದ ಚಿಗವ್ವ ಬಳೆ ಏರಿಸುವುದನ್ನು ನಿಲ್ಲಿಸಿ, ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಯಕ್ಕಾ, ಬಳಿ ಆಮ್ಯಾಲ. ಹುಡುಗಿ ಕಣ್ಣು ಹಳದಿ ಆಗ್ಯಾವು. ಲಗೂ ದವಾಖಾನಿಗೆ ಕರ್ಕೊಂಡು ಹೋಗ್ರಿ."

ಅತ್ತೆ ಸಿಡಿದರು. "ಕುಬಸದ ದಿನ ಎಂಥಾ ಮಾತ ಆಡ್ತಿ? ಏಳು, ನಡಿ ಹೊರಗ!"

ಚಿಗವ್ವ ಏಳಲಿಲ್ಲ. ತಲೆ ತಗ್ಗಿಸಿ ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಯಾವಗಲ್ಲ ಊರಿನ ಒಂದು ಹುಡುಗೀ ಕಣ್ಣೂ ಹಿಂಗ ಇದ್ವು, ಯಕ್ಕಾ. ಶುಭದಾಗ ಅಪಶಕುನ ಯಾಕ ಅಂತ ಬಾಯಿ ಮುಚ್ಚಿಕೊಂಡೆ. ಬಳಿ ತೊಡಿಸಿ, ಉಂಡು ಬಂದೆ. ತಿಂಗಳ ತುಂಬೂದ್ರಾಗ ಮತ್ತ ಕರೆ ಬಂತು, ಮುತ್ತೈದಿ ಹೆಣಕ್ಕ ಹಸರ ಬಳಿ ತೊಡ್ಸು ಬಾ ಅಂತ. ಅದ ಹುಡುಗಿ, ಅದ ಕೈ. ಆ ನಾಚಿಕಿ ನನ್ನ ಇನ್ನೂ ಬಿಟ್ಟಿಲ್ಲ."

ಅತ್ತೆ ಮಲಾರವನ್ನು ತಾವೇ ಎತ್ತಿ ಹೊರಗಿನ ಕಟ್ಟೆಯ ಮೇಲಿಟ್ಟರು. ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಆದರೂ ಆ ಮಾತು ನಾಟಿತ್ತು. ಸಂಜೆಯೇ ಗಂಡ ನನ್ನನ್ನು ಗದುಗಿಗೆ ಕರೆದೊಯ್ದರು. ರಕ್ತ ನೋಡಿದ ಡಾಕ್ಟರು ಹೆಪಟೈಟಿಸ್ ಇ ಎಂದರು. ಗಟಾರದ ಹೊಲಸು ಸೇರಿದ ನೀರಿನಿಂದ ಬರುವ ಕಾಮಣಿ, ಅಂದರೆ ಕಾಮಾಲೆ. "ಉಳಿದವ್ರಿಗೆ ಹೆಚ್ಚಾಗಿ ಬಂದು ಹೋಗ್ತೈತ್ರಿ. ಬಸುರೇರಿಗೆ ಜೀವಕ್ಕ ಬರ್ತೈತಿ. ಎಷ್ಟು ಮಂದಿಗೆ ಐತೋ ಗೊತ್ತಾಗೂದ ಇಲ್ಲ, ಮನ್ಯಾಗ ಮುಚ್ಚಿಡ್ತಾರ." ಆ ವಾರ್ಡಿನಲ್ಲೇ ನನ್ನಂಥವರು ಇನ್ನಿಬ್ಬರಿದ್ದರು. ಒಬ್ಬಳು ಮನೆಗೆ ಮರಳಲಿಲ್ಲ. ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಉಳಿದಳು.

ಚಿಗವ್ವ ಮತ್ತೆ ನಮ್ಮೂರಿಗೆ ಬರಲಿಲ್ಲ. ಹೋಗಿ ಕೈಮುಗಿದು ಬರುವುದನ್ನು ಅತ್ತೆ ಹಬ್ಬದಿಂದ ಹಬ್ಬಕ್ಕೆ ಮುಂದೂಡಿದರು. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ಅಳುಕು. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಗಜೇಂದ್ರಗಡಕ್ಕೆ ಹೋದೆವು. ಅವರ ಮಗ ಚಾಪೆ ಹಾಸಿ, ಯಾವೂರು ಎಂದು ಕೇಳಿದ. ನಾನೇ ಹೇಳಿದೆ.

"ಬೆಳವಣಕಿಯವ್ರಾ? ಅವ್ವ ನಿಮ್ಮೂರ ಸುದ್ದಿ ಭಾಳ ಹೇಳ್ತಿದ್ಲ್ರಿ. ಒಂದು ಕುಬಸದಾಗ ತನ್ನ ಮಾತು ಕೇಳಿ ಹುಡುಗೀನ ದವಾಖಾನಿಗೆ ಕರ್ಕೊಂಡು ಹೋದ್ರಂತ. ಹೊಟ್ಟಿತುಂಬ ಹೋಳಿಗಿ ಉಣಿಸಿ, ಭಾಳ ಮರ್ಯಾದಿಂದ ಕಳಿಸಿದ್ರಂತ."

ಹೌದು ಎನ್ನಲೂ ಆಗದೆ, ಅಲ್ಲ ಎನ್ನಲೂ ಆಗದೆ, ಅತ್ತೆ ಆ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತೇ ಇದ್ದರು.