ಮಚ್ಚೆ ಆಡಿನ ಹಾಲು

ಮೊಮ್ಮಗಳು ಮೊನ್ನೆ ಒಂದು ಸೋಪು ತಂದುಕೊಟ್ಟಳು. ಆಡಿನ ಹಾಲಿನದಂತೆ! ಮೂಸಿದರೆ ಬರೀ ಮಲ್ಲಿಗೆ ವಾಸನೆ. ಹೊದಿಕೆಯ ಮೇಲೆ ಅಚ್ಚ ಬಿಳಿ ಆಡಿನ ಚಿತ್ರ. ಅದನ್ನು ನೋಡಿದ್ದೇ ತಡ, ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಡಿನಜ್ಜಿ ಕಣ್ಣೆದುರು ಬಂದು ಕೂತರು...

ಐವತ್ತರ ದಶಕದ ಕೊನೆಯ ಮಾತು. ನಾನು ಸೊರಬದ ಕಡೆಯಿಂದ ಸೊಸೆಯಾಗಿ ಬಂದಿದ್ದೆ. ಅಜ್ಜಿಯ ಗಂಡ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು; ಎಲ್ಲಿಂದಲೋ ಎರಡು ಜಮುನಾಪಾರಿ ತಳಿಯ ಆಡು ತಂದು ಸಾಕಿ, ತೀರಿಕೊಂಡಿದ್ದರು. ಅಬ್ಬಾ, ಏನು ಆಡುಗಳವು! ಕರುವಿನಷ್ಟು ಎತ್ತರ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗು, ಗೇಣಿಗೂ ಮಿಕ್ಕಿ ಜೋಲುವ ಕಿವಿ. ಒಂದು ಪೂರಾ ಬಿಳಿ. ಇನ್ನೊಂದಕ್ಕೆ ಮುಖ, ಕತ್ತಿನ ಮೇಲೆಲ್ಲ ಕಂದು ಮಚ್ಚೆ, ಒಂದು ಕಿವಿ ಕಪ್ಪು. ಅಜ್ಜಿಗೆ ಪೊರೆ ಬಂದು ಕಣ್ಣು ಕಾಣುತ್ತಿರಲಿಲ್ಲ. ಆದರೂ ಆ ಆಡಿನ ಕೂದಲ ಮೇಲೆ ಬೆರಳಾಡಿಸಿ, "ಬಿಳೀದು ಇಲ್ಲಿಗೆ ಮುಗೀತು, ಇಲ್ಲಿಂದ ಕಂದು" ಎನ್ನುತ್ತಿದ್ದರು. ಬಗ್ಗಿ ನೋಡಿದರೆ ಗೆರೆ ಎಳೆದ ಹಾಗೆ ಅಲ್ಲೇ! ಅದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಚೊಚ್ಚಲ ಮಗಳಿಗೆ ಮೂರು ತಿಂಗಳಾಗುವಷ್ಟರಲ್ಲಿ ಎದೆಹಾಲು ಬತ್ತಿತು. ಹಸುವಿನ ಹಾಲು ಕುಡಿಸಿದರೆ ಕಕ್ಕುತ್ತಿತ್ತು. ಕೂಸಿಗೆ ಅಳುವುದಕ್ಕೂ ತ್ರಾಣ ಉಳಿಯಲಿಲ್ಲ. ಆಡಿನ ಹಾಲು ಕುಡಿಸಿ ಎಂದರು ಎಲ್ಲರೂ. ಅತ್ತೆ ಅಜ್ಜಿಯ ಹತ್ತಿರ ಹೋಗಿ ಒಂದೇ ಷರತ್ತು ಹಾಕಿದರು.

"ಬಿಳೀದರ ಹಾಲೇ ಕೊಡ್ರಿ. ಮಚ್ಚೇದು ಕುಡಿದ್ರೆ ಕೂಸಿನ ಮೈಮೇಲೂ ಮಚ್ಚೆ ಏಳ್ತಾವೆ. ಹೆಣ್ಣುಕೂಸು ಬೇರೆ."

"ಆಯ್ತು ತಗೊಳ್ರಿ," ಎಂದರು ಅಜ್ಜಿ.

ಮರುದಿನ ಬೆಳಿಗ್ಗೆ ಚೊಂಬು ಹಿಡಿದು ಹೋದರೆ, ಅಜ್ಜಿ ಹಾಲು ಕರೆಯುತ್ತಿದ್ದದ್ದು ಮಚ್ಚೆ ಆಡಿನದು! ನನ್ನ ಬಳೆ ಸದ್ದು ಕೇಳಿ ನಕ್ಕರು. ಕರೆದು ಮುಗಿಸಿ, ನನ್ನ ಕೈ ಹಿಡಿದು ಎರಡರ ಕೆಚ್ಚಲನ್ನೂ ಮುಟ್ಟಿಸಿದರು. ಬಿಳಿಯದನ್ನು ನಾನು ಬರುವ ಮೊದಲೇ ಕರೆದಾಗಿತ್ತು; ಆದರೂ ಅದರದು ಗಟ್ಟಿಯಾಗಿ ಹಾಗೇ ಇತ್ತು. ಮಚ್ಚೆಯದರದು ಖಾಲಿ ಚೀಲದಂತೆ ಮೆತ್ತಗೆ ಜೋತುಬಿದ್ದಿತ್ತು.

"ಬಿಳೀದ್ರದ್ದು ಬರೇ ಮಾಂಸ ಐತವ್ವಾ, ಹಾಲಿಲ್ಲ. ಕೂಸಿನ ಹೊಟ್ಟೆ ನೋಡ್ಬೇಕೋ, ಆಡಿನ ಬಣ್ಣ ನೋಡ್ಬೇಕೋ? ನಿಮ್ಮತ್ತೆಗೆ ಹೇಳಬ್ಯಾಡ."

ಹೇಳಲಿಲ್ಲ. ಆದರೂ ಹೆದರಿಕೆ, ದಿನಾ ಮಗುವಿನ ಮೈ ತಿರುವಿ ತಿರುವಿ ನೋಡುತ್ತಿದ್ದೆ. ಮಚ್ಚೆ ಏಳಲಿಲ್ಲ, ಕೆನ್ನೆ ತುಂಬಿಕೊಂಡವು. ಅತ್ತೆ ಕೇರಿಗೆಲ್ಲ ಬಿಳಿ ಆಡನ್ನು ಹೊಗಳಿದ್ದೇ ಹೊಗಳಿದ್ದು. ಅಜ್ಜಿ ತಮ್ಮ ಜಗಲಿಯಲ್ಲಿ ಕೂತು ಹೂಂ, ಹೂಂ ಎನ್ನುತ್ತಿದ್ದರು...

ಎರಡನೇ ಬಾಣಂತನಕ್ಕೆ ನಾನು ತವರಿಗೆ ಹೋಗಿದ್ದಾಗ ಅಜ್ಜಿ ತೀರಿಕೊಂಡುಬಿಟ್ಟರು. ಬರುವಷ್ಟರಲ್ಲಿ ಆಡು ಕಟ್ಟುತ್ತಿದ್ದ ಗೂಟಗಳಷ್ಟೇ ಇದ್ದವು.

ಆ ಕೂಸಿಗೆ ಈಗ ಅರವತ್ತು ದಾಟಿದೆ. ಸೋಪಿನ ಹೊದಿಕೆ ನೋಡಿ, "ನನಗೆ ಹಾಲು ಕೊಟ್ಟಿದ್ದು ಇಂಥದೇ ಬಿಳಿ ಆಡು ಅಲ್ವೇನಮ್ಮಾ?" ಎಂದಳು.

"ಅಲ್ಲ ಕಣೇ, ಮಚ್ಚೇದು," ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅತ್ತೆಯ ಎದುರಿಗೇ, ಪಕ್ಕದ ಜಗಲಿಯಲ್ಲಿ ಕೂತ ಅಜ್ಜಿಗೂ ಕೇಳಿಸುವ ಹಾಗೆ, ಆಗಲೇ ಹೇಳಬೇಕಿತ್ತು.